ವಾಸನೆ ತಿರುಗಿ ಬಂದ ಸಂಜೆ

ಎಣ್ಣೆಯ ಮೇಲೆ ಸಣ್ಣ ನಡುಕ, ಕೆರೆಯ ಮೇಲೆ ಗಾಳಿ ಓಡಿದ ಹಾಗೆ, ಆಮೇಲೆ ಒಂದೆಳೆ ಹೊಗೆ — ಈಗ ಹಾಕಬೇಕು, ಈಗಲೇ, ಎಂದುಕೊಂಡಳು ಸುನಿತಾ, ಹೊಗೆ ಏಳುವ ಮೊದಲೇ ಹಾಕಿದರೆ ಕಾಯಿಪಲ್ಲೆ ನೀರೊಡೆದು ಮೆತ್ತಗಾಗುತ್ತದೆ, ಇದು ಜೋಹರಾಬಿ ಕಲಿಸಿದ್ದು, ಗಂಡ ಅಬ್ದುಲಸಾಬನ ಸಂಗಡ ಗಿಣಿಗೇರಾದ ಫ್ಯಾಕ್ಟರಿ ಗೇಟಿನ ಎದುರಿಗೆ ಗೋಬಿ, ನೂಡಲ್ಸಿನ ಬಂಡಿ ಹಚ್ಚುವ ಜೋಹರಾಬಿ, ಉರಿ ಜೋರ ಇರಬೇಕ್ವಾ ಸುನಿತಾ, ಕೈ ನಿಂದರಬಾರದು, ಚೀನಾದವರ ಅಡಗಿ ಅಂದ್ರ ಅಷ್ಟ, ಹೆಚ್ಚಾಕ ತಾಸು, ಹುರಿಯಾಕ ಚಿಟಿಕಿ ಹೊಡದಂಗ. ಕಡಾಯಿಗೆ ಬಳ್ಳೊಳ್ಳಿ ಬಿತ್ತು, ಚುರ್ರೆಂದಿತು, ಹಸಿಶುಂಠಿ ಬಿತ್ತು, ಎರಡೂ ಬಣ್ಣ ತಿರುಗುತ್ತಿವೆ, ಘಮ್ಮೆಂದಿರಬೇಕು, ಎಂದಿರುತ್ತದೆ, ಅವಳಿಗೆ ಗೊತ್ತಾಗುವುದಿಲ್ಲ ಅಷ್ಟೇ, ಕರೋನಾ ಎರಡನೆಯ ಸಲ ಬಂದು ಹೋದಾಗಿನಿಂದ ಅವಳ ಮೂಗು ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಮೂಗು, ನೋಡುವವರಿಗೆ ಇದೆ, ಅವಳಿಗಿಲ್ಲ, ಹಾಲು ಸೀದರೂ ಕಣ್ಣಿಗೆ ಹೊಗೆ ಬಡಿದ ಮೇಲೆಯೇ ತಿಳಿಯುವುದು, ಗ್ಯಾಸ್ ಸೋರೀತೆಂದು ಗಂಡ ಕಳಕೇಶ ಮಲಗುವ ಮುಂಚೆ ತಾನೇ ಬಂದು ರೆಗ್ಯುಲೇಟರ್ ತಿರುವಿ ಹೋಗುತ್ತಾನೆ, ಎಣ್ಣೆಗಾಯಿ ಎಂದರೆ ಬಾಯಲ್ಲಿ ಮಣ್ಣಿನ ಉಂಡೆ, ಪುಂಡಿಪಲ್ಲೆ ಎಂದರೆ ಬರೀ ಹುಳಿ, ಸೊರಗಿ ಸೊರಗಿ ಕುಪ್ಪಸ ಸಡಿಲಾಗಿತ್ತು, ಆಗ ಒಂದು ದಿನ ಜೋಹರಾಬಿ ಬಂಡಿಯಿಂದಲೇ ಒಂದು ತಾಟು ಹುರಿದ ಕಾಯಿಪಲ್ಲೆ ತಂದು ಮುಂದಿಟ್ಟಳು, ಮೂಗಿಲೆ ಬ್ಯಾಡ, ಇದನ್ನ ಕಿವೀಲೆ ತಿನ್ನವಾ, ಎಂದಳು, ಹಲ್ಲಿನ ನಡುವೆ ಕ್ಯಾಬೇಜು ಕರಂ ಎಂದಿತು, ಅಷ್ಟಕ್ಕೇ ಸುನಿತಾ ಅತ್ತುಬಿಟ್ಟಿದ್ದಳು. ಕಿಟಕಿಯ ಕಟ್ಟೆಯ ಮೇಲೆ ಬೆಳಿಗ್ಗೆ ಒರೆಸಿದ ಕರಿ ಧೂಳು ಮತ್ತೆ ಬಂದು ಕೂತಿದೆ, ಆಚೆ ಫ್ಯಾಕ್ಟರಿಯ ಚಿಮಣಿಯ ಹಿಂದೆ ಹೊತ್ತು ಇಳಿಯುತ್ತಿದೆ, ಬೀನ್ಸ್ ಹಾಕಿದಳು, ಗಜ್ಜರಿ ಹಾಕಿದಳು, ಕಡಾಯಿಯ ಹಿಡಿಕೆಗೆ ಸೆರಗು ಸುತ್ತಿ ಒಮ್ಮೆ ಮೇಲಕ್ಕೆ ಹಾರಿಸಿದಳು, ಕಳಕೇಶ ಬರುವುದರೊಳಗೆ ಮುಗಿಯಬೇಕು, ಅವನು ಕೊಪ್ಪಳಕ್ಕೆ ಹೋಗಿದ್ದಾನೆ, ಅದನ್ನು ತರಲಿಕ್ಕೆ, ಅದು ಮನೆಯೊಳಗೆ ಬಂದ ಮೇಲೆ ಯಾರು ಉಣ್ಣುತ್ತಾರೋ ಯಾರು ಬಿಡುತ್ತಾರೋ, ಒಲೆಯ ಮುಂದೆ ಅದನ್ನು ನೆನೆಯಬಾರದು, ದೊಣ್ಣಮೆಣಸಿನಕಾಯಿ, ಉಪ್ಪು, ಕೈ ನಿಲ್ಲಬಾರದು —

ಕೈ ನಿಂತಿತು. ಏನೋ ಬಂತು, ಮೂಗಿನೊಳಗೆ, ಮೊದಲು ಬರೀ ತಣ್ಣಗೆ, ಮಳೆಗಾಲದಲ್ಲಿ ಬಾಗಿಲು ತೆರೆದ ಹಾಗೆ, ಆಮೇಲೆ ದಪ್ಪಗೆ, ಗಂಟಲಿನವರೆಗೆ — ತೊಯ್ದ ಕಂಬಳಿ. ಕುರಿಯ ಉಣ್ಣೆ ತೊಯ್ದು, ಅರ್ಧ ಒಣಗಿ, ಮೈಯ ಬೆವರು ಕುಡಿದು ಬರುವ ವಾಸನೆ, ಅದರ ಮೇಲೆ ಬೀಡಿ, ಈಗಷ್ಟೇ ಕಡ್ಡಿ ಗೀರಿ ಹಚ್ಚಿದ ಬೀಡಿ. ಇಷ್ಟು ದಿನ ಏನೂ ಇಲ್ಲದೆ ಇದ್ದ ಮೂಗಿಗೆ ಹಿಂಗೇಕೆ, ಮಲ್ಲಿಗೆ ಬರಬಾರದಿತ್ತೇ, ಒಗ್ಗರಣೆ ಬರಬಾರದಿತ್ತೇ, ಈ ಮನೆಯಲ್ಲಿ ಕಂಬಳಿ ಇಲ್ಲ, ಇದ್ದದ್ದೊಂದನ್ನೂ ದವಾಖಾನೆಗೆ ಹೊದಿಸಿಕೊಂಡು ಹೋಗಿದ್ದರು, ತಿರುಗಿ ಬರಲಿಲ್ಲ, ಬೀಡಿ ಸೇದುವವರೂ ಇಲ್ಲ, ಕಳಕೇಶ ಗುಟಕಾ ಕೂಡ ಮುಟ್ಟುವುದಿಲ್ಲ, ಸೇದುತ್ತಿದ್ದವನು ಅವನಪ್ಪ, ಲಕ್ಷ್ಮಣಪ್ಪ ಮಾವ, ಬೇಸಿಗೆಯಲ್ಲೂ ಹೆಗಲ ಮೇಲೆ ಕರಿ ಕಂಬಳಿ, ಕುರಿ ಹೊಡೆದುಕೊಂಡು ಬಂದು ದೊಡ್ಡಿಯಲ್ಲಿ ಕೂಡಿಹಾಕಿ, ಹಿತ್ತಲ ಬಾಗಿಲ ಕಲ್ಲಿನ ಮೇಲೆ ಒಳಗೆ ಮುಖ ಮಾಡಿ ಕೂತು ಬೀಡಿ ಹಚ್ಚುತ್ತಿದ್ದ ಮಾವ, ಏನ ಮಾಡಾಕತ್ತೀಯವಾ ಸುನಿತಾ, ಎಂದು ದಿನಾ ಒಂದೇ ಮಾತು, ರೊಟ್ಟಿರಿ ಮಾವ, ಎಂದು ದಿನಾ ಒಂದೇ ಉತ್ತರ. ಹಿತ್ತಲ ಬಾಗಿಲು ಅವಳ ಬೆನ್ನ ಹಿಂದಿದೆ. ತೆರೆದಿದೆ. ತಿರುಗಲಿಲ್ಲ. ಸೋಯಾ ಸಾಸಿನ ಬಾಟಲಿ ತೆಗೆದು ಮುಚ್ಚಳ ಬಿಚ್ಚಿ ಮೂಗಿಗೆ ಹಿಡಿದಳು, ಏನೂ ಇಲ್ಲ, ವಿನೆಗರ್ ಹಿಡಿದಳು, ಕಣ್ಣು ಉರಿಯಿತು, ವಾಸನೆ ಇಲ್ಲ, ಬಳ್ಳೊಳ್ಳಿಯ ಎಸಳನ್ನು ಉಗುರಿನಿಂದ ಹಿಸುಕಿದಳು, ಇಲ್ಲ, ಜಗತ್ತೆಲ್ಲ ಮುಂಚಿನಂತೆ ಸಪ್ಪಗೇ ಇದೆ, ಕಂಬಳಿ ಮಾತ್ರ ಇದೆ, ಬೀಡಿ ಮಾತ್ರ ಇದೆ. ಹೆದರಬೇಡಮ್ಮ, ಎಂದಿದ್ದರು ಡಾಕ್ಟರು, ಕೊಪ್ಪಳದ ಕಿವಿ ಮೂಗಿನ ಡಾಕ್ಟರು, ನಿನ್ನ ಮೂಗಿನ ನರ ಸತ್ತಿಲ್ಲ, ಮಲಗಿದೆ, ಏಳುವಾಗ ತಪ್ಪು ತಪ್ಪು ವಾಸನೆ ಹೇಳುತ್ತೆ, ಇಲ್ಲದ್ದನ್ನೂ ಇದೆ ಅನ್ನುತ್ತೆ, ಅದು ನಿನ್ನ ತಲೆಯೊಳಗಿನ ಆಟ ಅಷ್ಟೇ. ತಲೆಯೊಳಗಿನದು. ಸರಿ. ತಲೆಯೊಳಗಿನದಕ್ಕೆ ದಿಕ್ಕು ಇರುತ್ತದೆಯೇ, ಎಡಕ್ಕೆ ತಿರುಗಿದರೆ ಕಡಿಮೆ, ಬಲಕ್ಕೆ ತಿರುಗಿದರೆ ಕಡಿಮೆ, ಬೆನ್ನ ಹಿಂದೆ ಹೆಚ್ಚು — ಕ್ಯಾಬೇಜು ಹಾಕು, ಸುನಿತಾ, ಉರಿ ಜೋರಿದೆ, ಕ್ಯಾಬೇಜು ಹಾಕು.

ಹಾಕಿದಳು, ಹಾರಿಸಿದಳು, ಸೌಟು ಕಡಾಯಿಗೆ ಬಡಿದು ಟಣ್ ಟಣ್ ಎನ್ನುತ್ತಿದೆ, ಆ ಸದ್ದಿದ್ದರೆ ಧೈರ್ಯ, ಯಾರೂ ಮಾವನ ಮುಖ ನೋಡಲಿಲ್ಲವಲ್ಲ, ಅಲ್ಲಿಂದಲೇ ಇದೆಲ್ಲ, ಕರೋನಾದಾಗ ದವಾಖಾನೆಯಿಂದ ಫೋನ್ ಬಂತು, ನಿಮ್ಮ ತಂದಿ ಹೋಗ್ಯಾರ, ಎಂದಷ್ಟೇ ಹೇಳಿದರು, ಕಳಕೇಶ ಹೋಗಿ ದೂರ ನಿಂತ, ಬಿಳಿ ಬಟ್ಟೆಯೊಳಗೆ ಮುಚ್ಚಿಕೊಂಡಿದ್ದ ಯಾರೋ ನಾಲ್ವರು ಒಂದು ಗಂಟನ್ನು ಕುಣಿಯೊಳಗೆ ಇಳಿಸಿದರು, ಅಷ್ಟೇ, ಒಂದು ಹಿಡಿ ಮಣ್ಣು ದೂರದಿಂದಲೇ ಎಸೆದು ಬಂದ, ಬಂದವನು ಬಾಗಿಲಲ್ಲೇ ನಿಂತು ಹೇಳಿದಾಗ ಸಣ್ಣವ್ವ ಅತ್ತೆ ಅಳಲಿಲ್ಲ, ನೀ ಮಾರಿ ನೋಡಿದೇನಪಾ, ಎಂದು ಮಗನನ್ನು ಕೇಳಿದಳು, ಇಲ್ಲವಾ, ಎಂದ, ಹಂಗಾರ ಅದು ಯಾರದೋ, ಎಂದವಳೇ ಎದ್ದು ಹೋಗಿ ಕುರಿಗಳಿಗೆ ನೀರಿಟ್ಟಳು. ಬಳೆ ಒಡೆಯಲಿಕ್ಕೆ ಬಂದ ಹೆಣ್ಣುಮಕ್ಕಳು ಹಾಗೆಯೇ ತಿರುಗಿ ಹೋದರು. ಇವತ್ತಿಗೂ ಕೈತುಂಬ ಹಸಿರು ಬಳೆ, ಹಣೆಯ ಮೇಲೆ ರೂಪಾಯಿಯಷ್ಟು ಕುಂಕುಮ, ಕುರಿ ಮಾರಿಹೋದವು, ದೊಡ್ಡಿ ಬಯಲಾಯಿತು, ಕುಂಕುಮ ಮಾತ್ರ ಹಾಗೇ, ಜನ ಮುಂದೆ ಒಂದು ಆಡುತ್ತಾರೆ ಹಿಂದೆ ಒಂದು ಆಡುತ್ತಾರೆ, ಆದರೆ ತಾವರಗೇರಾದಲ್ಲಿ ಸುನಿತಾಳ ತಂಗಿಯ ಸೀಮಂತದ ದಿನ — ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ — ಅತ್ತೆ ಬಸುರಿಗೆ ಅರಿಷಿಣ ಹಚ್ಚಲಿಕ್ಕೆ ಕೈ ಚಾಚಿದಳು, ಯಾರೋ ಒಬ್ಬ ಮುದುಕಿ ಆ ಕೈಯನ್ನು ಹಿಡಿದು ಪಕ್ಕಕ್ಕೆ ಸರಿಸಿದಳು, ಬೈಯಲಿಲ್ಲ, ಮೆಲ್ಲಗೆ ಸರಿಸಿದಳು, ತಾಟಿನ ಮೇಲಿಂದ ನೊಣ ಹೊಡೆಯುವ ಹಾಗೆ, ಅತ್ತೆ ನಕ್ಕಳು, ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಬೆರಳಿಗೆ ಅಂಟಿದ ಅರಿಷಿಣ ನೋಡುತ್ತ ಕೂತಿದ್ದಳು. ಅದನ್ನು ಕಂಡೇ ಸುನಿತಾ ಗಂಡನಿಗೆ ಹೇಳಿದ್ದು, ಸಾಕ್ರಿ ಇನ್ನ, ಮಾವನ ಫೋಟೋ ದೊಡ್ಡದ ಮಾಡಿಸಿ ಹಾರ ಹಾಕಿ ತೂಗುಹಾಕ್ರಿ, ಕಣ್ಣಿಗೆ ಕಂಡ್ರ ಅತ್ತಿ ಒಪ್ಕೊಂತಾರ, ಇಲ್ಲಂದ್ರ ಮಂದಿ ಅವರನ್ನ ಹರಕೊಂಡು ತಿಂತಾರ. ಸಣ್ಣವ್ವನಿಗೆ ಇವತ್ತು ಬೆಳಿಗ್ಗೆ ತಿಳಿಸಿದ, ಕಳಕೇಶನೇ, ಅವಳು ಒಂದೇ ಮಾತು ಆಡಿದಳು, ಹಾರ ಹಾಕಿದ ದಿನ ನಾನು ಈ ಮನ್ಯಾಗ ನೀರು ಸೈತ ಕುಡಿಯಂಗಿಲ್ಲ, ತಮ್ಮಾ. ಆಗಿನಿಂದ ಪಡಸಾಲೆಯ ಗೋಡೆಗೆ ಒರಗಿ ಕೂತಿದ್ದಾಳೆ, ಬಾಯಿ ಬಿಟ್ಟಿಲ್ಲ, ಅವಳು ಉಣ್ಣಲಿ ಎಂದೇ ಈ ಅಡಿಗೆ, ಈ ಕರಂ ಕುರುಂ ಎಂದರೆ ಅತ್ತೆಗೂ ಇಷ್ಟ, ಇದ್ದ ನಾಲ್ಕು ಹಲ್ಲಿನಲ್ಲೇ ಅಗಿಯುತ್ತಾಳೆ — ಸಾಸ್ ಸುರಿದಳು, ಕಡಾಯಿ ಕರ್ರಗೆ ಬುಸುಗುಟ್ಟಿತು, ಎಳ್ಳು ಉದುರಿಸಿದಳು, ಉಳ್ಳಾಗಡ್ಡಿ ತಪ್ಪಲು ಉದುರಿಸಿದಳು, ಒಲೆ ಆರಿಸಿದಳು. ಸದ್ದು ನಿಂತಿತು. ಸದ್ದು ನಿಂತ ಮೇಲೆ ವಾಸನೆ ಇನ್ನೂ ಹತ್ತಿರ ಬಂದಿತ್ತು, ಹೆಗಲ ಹತ್ತಿರ. ತಲೆಯೊಳಗಿನ ಆಟ, ತಲೆಯೊಳಗಿನ ಆಟ, ಎಂದುಕೊಂಡಳು, ಆಗಲೇ ಪಡಸಾಲೆಯಿಂದ ಸಣ್ಣವ್ವನ ದನಿ ಬಂತು, ಬೆಳಗಿನಿಂದ ಮೊದಲ ಸಲ, ಏನೂ ಆಗದವಳ ಹಾಗೆ, ಏ ಸುನಿತಾ, ಬೀಡಿ ವಾಸನಿ ಬರಾಕತ್ತೈತಲ್ಲ, ನಿಮ್ಮ ಮಾವ ಬಂದಾನೇನು ನೋಡವಾ.

ಇಲ್ಲರಿ ಅತ್ತಿ ಎನ್ನಬೇಕಿತ್ತು, ನನ್ನ ತಲೆಯೊಳಗಿನದು ಅವಳ ಮೂಗಿಗೆ ಹೇಗೆ ಹೋಯಿತು, ತಿರುಗಿ ನೋಡಬೇಕು, ಒಂದು ಸಲ, ತಿರುಗಿದಳು, ಹಿತ್ತಲ ಬಾಗಿಲು, ಕಲ್ಲು, ಕಲ್ಲಿನ ಮೇಲೆ ಯಾರೂ ಇಲ್ಲ, ಕರಿ ಧೂಳು ಮಾತ್ರ, ಅದೂ ಅಂಚಿಗಷ್ಟೇ, ನಡುವೆ ಒರೆಸಿದ ಹಾಗೆ ಸ್ವಚ್ಛ, ಬೆಕ್ಕು ಮಲಗಿ ಎದ್ದು ಹೋಗಿರಬೇಕು, ಬೆಕ್ಕೇ ಇರಬೇಕು — ಮುಂದಿನ ಬಾಗಿಲಲ್ಲಿ ಬೈಕ್ ನಿಂತ ಸದ್ದು, ಕಳಕೇಶ ಒಳಗೆ ಬಂದ, ಕಂಕುಳಲ್ಲಿ ಪೇಪರು ಸುತ್ತಿದ ಚೌಕಟ್ಟು, ತಾಯಿಯ ಕಡೆ ನೋಡದೆ ಸೀದಾ ಅಡಿಗೆಮನೆಗೆ, ಆಹಾ, ಏನ ಛಲೋ ಘಮಾ ಬಂದೈತಿ, ಬಳ್ಳೊಳ್ಳಿ ಓಣಿತನಾ ಹೊಡೀತೈತಿ ನೋಡು, ಎಂದ. ಬಳ್ಳೊಳ್ಳಿ ಒಂದನಾ, ಎಂದು ಕೇಳಿದಳು. ಮತ್ತೇನು, ಎಂದ. ಬೀಡಿ ಬರ್ತೈತೇನ್ರಿ ನಿಮಗ, ಎಂದಳು, ಅವನು ಮೂಗು ಅರಳಿಸಿ ನೋಡಿ ಇಲ್ಲವೆಂದು ತಲೆಯಾಡಿಸಿದ, ನಿನಗ ವಾಸನಿ ಬಂತಾ, ಎಂದು ಒಮ್ಮೆಲೆ ಮುಖ ಅರಳಿಸಿದ, ಖರೇನ ಬಂತಾ ಸುನಿತಾ, ಡಾಕ್ಟರ್ ಹೇಳಿದ್ರಲ್ಲ, ಎಂದು ಅವಳ ರಟ್ಟೆ ಹಿಡಿದ, ಅವನ ಖುಷಿ ನೋಡಿ ಅವಳಿಗೆ ಅಳು ಬಂತು, ಮೊಳಿ ಇವತ್ತ ಹೊಡೀಬ್ಯಾಡ್ರಿ, ಎಂದಳು. ನೀನ ಹೇಳಿದ್ಯಲ್ಲ, ಎಂದ. ಹೌದ್ರಿ, ನಾನ ಹೇಳಿದ್ದೆ, ಈಗ ನಾನ ಬ್ಯಾಡ ಅನ್ನಾಕತ್ತೀನಿ, ಅದನ್ನ ಬಿಚ್ಚಬ್ಯಾಡ್ರಿ, ಅಟ್ಟದ ಮ್ಯಾಲ ಇಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ. ಕಳಕೇಶ ಅವಳ ಮುಖವನ್ನೇ ನೋಡಿದ, ದಿನಾ ಕಬ್ಬಿಣ ಕರಗಿಸುವ ಕುಲುಮೆಯ ಮುಂದೆ ನಿಲ್ಲುವವನು, ದೆವ್ವ ಭೂತ ಎಂದರೆ ನಗುವವನು, ನಗಲಿಲ್ಲ, ಪೇಪರು ಬಿಚ್ಚದೆಯೇ ಚೌಕಟ್ಟನ್ನು ಅಟ್ಟದ ಮೇಲೆ ಗೋಡೆಗೆ ಮುಖ ಮಾಡಿ ಇಟ್ಟ, ಅವ್ವಗ ಏನಂತ ಹೇಳ್ಲಿ, ಎಂದ, ಏನೂ ಹೇಳಬ್ಯಾಡ್ರಿ, ಕೈಕಾಲ ತೊಳಕೊಂಡು ಉಣ್ಣಾಕ ಬರ್ರಿ, ಎಂದಳು.

ಪಡಸಾಲೆಯಲ್ಲಿ ಚಾಪೆ ಹಾಸಿದೆ, ಅವಳು ಅನ್ನ ತಂದಿಟ್ಟಳು, ಹುರಿದ ಕಾಯಿಪಲ್ಲೆ ತಂದಿಟ್ಟಳು, ತಾಟು ಇಡುವಾಗ ಕೈ ತಾನೇ ನಾಲ್ಕನ್ನು ಇಟ್ಟುಬಿಟ್ಟಿತು, ಮನೆಯಲ್ಲಿ ಇರುವವರು ಮೂವರು, ತೆಗೆಯಬೇಕೆಂದು ಬಗ್ಗಿದಳು, ಇರಲಿ ಬಿಡವಾ, ಎಂದಳು ಸಣ್ಣವ್ವ, ಎಂದವಳು ಗೋಡೆಯಿಂದ ಬೆನ್ನು ತೆಗೆದು ಸ್ವಲ್ಪ ಆಚೆ ಸರಿದು ಕೂತಳು, ಒಬ್ಬರು ಕೂರುವಷ್ಟು ಜಾಗ ಬಿಟ್ಟು, ನಾಲ್ಕನೆಯ ತಾಟನ್ನು ಆ ಜಾಗದ ಮುಂದೆ ನೂಕಿ, ತಾನೇ ಒಂದು ಸೌಟು ಬಡಿಸಿದಳು, ಹಸಿರು ಬಳೆಗಳು ಗಲ್ಲೆಂದವು, ಆಮೇಲೆ ತನ್ನ ತಾಟಿಗೆ ಕೈ ಹಾಕಿ ಅಗಿಯತೊಡಗಿದಳು, ಉಂಡಳಲ್ಲ, ಸದ್ಯ ಉಂಡಳಲ್ಲ, ನೀರನ್ನೂ ಕುಡಿದಳು, ಅಷ್ಟು ಸಾಕು, ಅಷ್ಟಕ್ಕೇ ತಾನೇ ಇಷ್ಟೆಲ್ಲ, ಸುನಿತಾ ತನಗೆ ತಾನೇ ಹೇಳಿಕೊಳ್ಳುತ್ತಿದ್ದಾಳೆ, ವಾಸನೆ ಈಗ ಅಡಿಗೆಮನೆಯಲ್ಲಿಲ್ಲ, ಇಲ್ಲಿದೆ, ಚಾಪೆಯ ಮಟ್ಟದಲ್ಲಿ, ಕೂತವರ ಎತ್ತರಕ್ಕೆ. ಕಳಕೇಶ ಮುಖ ಒರೆಸಿಕೊಳ್ಳುತ್ತ ಬಂದ, ಫೋನಿನಲ್ಲಿ ಏನೋ ನೋಡುತ್ತ ಬಂದ, ತಾಟು ನೋಡಲಿಲ್ಲ, ತಾಯಿಯನ್ನೂ ನೋಡಲಿಲ್ಲ, ಅವನಿಗೆ ಯಾರೂ ಏನೂ ಹೇಳಲಿಲ್ಲ, ಅವನ ತಾಟು ಆ ಕಡೆ ಇದೆ, ಹೋಗಬೇಕೆಂದರೆ ಆ ಖಾಲಿ ಜಾಗವನ್ನು ದಾಟಬೇಕು, ಬರೀ ಚಾಪೆ, ದಾಟಿದರೆ ಏನು, ಕಾಲು ಎತ್ತಿದ — ಎತ್ತಿದ ಕಾಲು ಗಾಳಿಯಲ್ಲೇ ನಿಂತಿತು, ಕಣ್ಣು ಇನ್ನೂ ಫೋನಿನ ಮೇಲೆಯೇ ಇದೆ, ಕಾಲನ್ನು ಹಿಂದಕ್ಕೆ ತೆಗೆದುಕೊಂಡ, ಲುಂಗಿಯ ಅಂಚನ್ನು ಒಂದು ಕೈಯಿಂದ ಒತ್ತಿ ಹಿಡಿದ, ಬೆನ್ನನ್ನು ಗೋಡೆಗೆ ಸವರಿಕೊಂಡು, ಬಟ್ಟೆ ಸಹ ತಾಗದ ಹಾಗೆ ಸುತ್ತುಹಾಕಿ ಹೋದ, ಹೋಗುವಾಗ ಕಾಲಿನ ಹೆಬ್ಬೆರಳನ್ನು ಒಳಕ್ಕೆ ಮಡಚಿಕೊಂಡ, ಕೂತ ಹಿರಿಯರಿಗೆ ಕಾಲು ತಾಗಬಾರದೆಂದು ಚಿಕ್ಕಂದಿನಿಂದ ಮಡಚಿಕೊಳ್ಳುವ ಹಾಗೆ, ಅವನಿಗೆ ಗೊತ್ತೇ ಇಲ್ಲ, ಕೂತ, ತುತ್ತು ಕಲಸಿದ, ಭಾಳ ಛಲೋ ಆಗೇತಿ, ಎಂದ, ಸುನಿತಾಳ ಕೈ ಅನ್ನದ ಮೇಲೆ ಹಾಗೇ ಇದೆ, ಆ ಹೆಬ್ಬೆರಳು, ಖಾಲಿ ಚಾಪೆಯ ಪಕ್ಕದಲ್ಲಿ, ಮಡಚಿಕೊಂಡ ಆ ಹೆಬ್ಬೆರಳು, ತಾಗದ ಹಾಗೆ, ಯಾರಿಗೋ ತಾಗದ ಹಾಗೆ, ಮಡಚಿಕೊಂಡ —