ಕೂದಲೆಳೆಯಷ್ಟು ಕೆಳಗೆ

"ಇದನ್ನ ಯಾರು ಮುಟ್ಟಿದ್ದು?"

ದರ್ಜಿಯಮ್ಮ ತಮ್ಮ ವಾದ್ಯವನ್ನು ಒಂದೇ ಸಲ ಮೀಟಿ, ತಂತಿಗಳ ಮೇಲೆ ಅಂಗೈ ಒತ್ತಿ ಸದ್ದಡಗಿಸಿ ಕೇಳಿದರು. ಹೊಲಿಗೆ ಅಂಗಡಿಯಲ್ಲಿದ್ದದ್ದು ಇಬ್ಬರೇ. ಕೇಳುತ್ತಿರುವವರೇ ಒಬ್ಬರಾದ ಮೇಲೆ ಕಳ್ಳರನ್ನು ಹುಡುಕುವ ಕಷ್ಟವೇನಿರಲಿಲ್ಲ.

"ನಾನೇ ಅಮ್ಮ," ಎಂದಳು ಗಿಟಾರಿನವಳು. "ನೀವು ಗಿರಾಕಿ ಅಳತೆ ತಗೊಳ್ಳೋಕೆ ಒಳಗೆ ಹೋಗಿದ್ರಲ್ಲ, ಆಗ. ನಡು ತಂತಿ ಒಂಚೂರು ಇಳಿದಿತ್ತು. ಸರಿ ಮಾಡಿದೆ."

ಉಪಕಾರ ಮಾಡಿ ಅದನ್ನು ದೊಡ್ಡದು ಮಾಡದವರ ದನಿ ಅವಳದು. ಹದಿನೆಂಟು ವರ್ಷ ಹಾಡುವವರ ಬೆನ್ನ ಹಿಂದೆ ನಿಂತು ಗಿಟಾರ್ ನುಡಿಸಿದವಳು. ಸೊಟ್ಟಗೆ ನೇತಾಡುವ ಪಟ ಕಂಡರೆ ಕೆಲವರ ಕೈ ತುರಿಸುವಂತೆ, ಇಳಿದ ತಂತಿ ಕಂಡರೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಸಂಗೀತದ ಗಂಧಗಾಳಿ ಇಲ್ಲದವರಾಗಿದ್ದರೆ ಅದು ಇಳಿದಿದೆಯೆಂದೇ ತಿಳಿಯುತ್ತಿರಲಿಲ್ಲ. ವಿದ್ಯೆ ಬಂದವರಷ್ಟೇ ಮಾಡಬಲ್ಲ ತಪ್ಪು ಅದು.

"ಸರಿ ಮಾಡಿದೆಯಾ! ಸಂತೋಷ. ಆ ಡಬ್ಬಿ ಎತ್ಕೊಂಡು ಹೊರಡು ಮತ್ತೆ," ಎಂದು ದರ್ಜಿಯಮ್ಮ ಅವಳ ರೆಕಾರ್ಡರಿನ ಕಡೆ ಕತ್ತರಿ ತೋರಿಸಿದರು.

ಅವಳು ಹೊರಡಲಿಲ್ಲ. ಇಲ್ಲಿಗೆ ಬರುತ್ತಿರುವುದು ಇದು ಐದನೆಯ ಸಲ. ನಾಲ್ಕು ಸಲ "ಕೈತುಂಬ ಕೆಲಸ ಇದೆ" ಎಂಬ ಉತ್ತರ ಸಿಕ್ಕಿತ್ತು. ಊರಿನ ಪುಟ್ಟ ರೇಡಿಯೊ ನಿಲಯದಲ್ಲಿ ಪ್ರತಿ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಅವಳದೊಂದು ಅರ್ಧ ಗಂಟೆಯ ಕಾರ್ಯಕ್ರಮ. ತಂತಿವಾದ್ಯ ನುಡಿಸುವ, ಆದರೆ ಯಾವ ವೇದಿಕೆಯೂ ಕರೆಯದ ಜನರನ್ನು ಹುಡುಕಿ ಮಾತಾಡಿಸುವುದು, ಅವರು ನುಡಿಸಿದ್ದನ್ನು ಕೇಳಿಸುವುದು. ಕ್ಷೌರಿಕ, ನಿವೃತ್ತ ಡ್ರೈವರು, ಗೋದಾಮಿನ ಕಾವಲುಗಾರ ಎಲ್ಲ ಬಂದು ಹೋಗಿದ್ದರು. ಬದುಕಿನಲ್ಲಿ ಇದು ನನ್ನದು ಎಂದು ಅವಳು ಹೇಳಿಕೊಳ್ಳಬಹುದಾಗಿದ್ದದ್ದು ಆ ಅರ್ಧ ಗಂಟೆ ಮಾತ್ರ.

"ನಾನು ಮಾಡಿದ ತಪ್ಪೇನು ಅಂತ ಹೇಳಿ, ಹೋಗ್ತೀನಿ."

ದರ್ಜಿಯಮ್ಮ ಸೂಜಿಗೆ ದಾರ ಪೋಣಿಸಿದರು. ಒಂದು ಗುಂಡಿ ಹೊಲಿದು ಮುಗಿಸಿ ದಾರ ಕಡಿದರು.

"ಇಪ್ಪತ್ತೆರಡು ವರ್ಷದ ಹಿಂದೆ ಒಂದು ಕಡೆ ನುಡಿಸೋಕೆ ಕರೆದಿದ್ರು. ದೊಡ್ಡ ವಿದ್ವಾಂಸ ಒಬ್ಬ ಮುಂದೇನೇ ಕೂತಿದ್ದ. ನಾನು ಮೀಟಿದ್ದೇ ತಡ, ವೇದಿಕೆ ಮೇಲೆ ಬಂದು, ನನ್ನ ತೊಡೆ ಮೇಲಿಂದ ಇದನ್ನ ಎತ್ಕೊಂಡು, ಅಷ್ಟು ಜನದ ಮುಂದೆ ಬಿರಡೆ ತಿರುಗಿಸಿ ಕೊಟ್ಟ. ಜನ ಚಪ್ಪಾಳೆ ಹೊಡೆದ್ರು. ನನಗಲ್ಲ, ಅವನಿಗೆ. ನಾನು ನುಡಿಸದೇ ಇಳಿದು ಬಂದೆ. ಆಮೇಲೆ ಇದು ಈ ಬಾಗಿಲು ದಾಟಿಲ್ಲ. ಅವನೂ ಸರಿ ಮಾಡಿದೆ ಅಂತಲೇ ಅಂದಿದ್ದು."

ಗಿಟಾರಿನವಳಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. "ಮೊದಲಿದ್ದ ಹಾಗೇ ಇಳಿಸಿಬಿಡಿ ಅಮ್ಮ," ಎಂದಳು ಮೆಲ್ಲಗೆ.

"ಏರಿಸಿದೋಳು ನೀನು. ಇಳಿಸೋಳೂ ನೀನೇ."

ಮೂರು ತಂತಿಯ ವಾದ್ಯ ಅದು. ದಪ್ಪದ್ದೊಂದು, ತೆಳ್ಳಗಿನವು ಎರಡು. ಆ ಎರಡಕ್ಕೂ ಒಂದೇ ಸ್ವರ. ಅದರಲ್ಲಿ ನಡುವಿನದನ್ನು ಅವಳು ಸಡಿಲಿಸಿ ಎರಡನ್ನೂ ಒಟ್ಟಿಗೆ ಮೀಟಿದಳು. ನಾದ ನೆಟ್ಟಗೆ ನಿಲ್ಲದೆ, ಹೋಗಿ ಬಂದು, ಹೋಗಿ ಬಂದು, ನಡುಗಿತು.

"ಬಿರುಸಾಯ್ತು. ಹೀಗೆ ತೂಗಿದ್ರೆ ತೊಟ್ಟಿಲಲ್ಲಿರೋ ಮಗು ಹಾರಿ ಬೀಳುತ್ತೆ. ಕೂದಲೆಳೆಯಷ್ಟು ಏರಿಸು."

ಏರಿಸಿದಳು. ನಡುಕ ನಿಧಾನವಾಯಿತು.

"ಇನ್ನೂ ಒಂಚೂರು. ಹಾಂ, ಬಿಡು ಕೈನ! ಇದಕ್ಕೆ ನಮ್ಮಮ್ಮ ತೂಗು ಅಂತಿದ್ಲು. ನಮಗೆ ತಾಳ ಹಾಕೋಕೆ ಯಾರಿದ್ರು? ತಂತಿ ತಾನೇ ತೂಗುತ್ತೆ, ಹಾಡು ಅದರ ಮೇಲೆ ಕಾಲಿಟ್ಕೊಂಡು ಹೋಗುತ್ತೆ. ನೀನು ಎರಡನ್ನೂ ಒಂದು ಮಾಡಿಟ್ರೆ ನಾನು ಎಲ್ಲಿ ಕಾಲಿಡ್ಲಿ?"

ಅವಳು ಮತ್ತೆ ಮೀಟಿದಳು, ಕಣ್ಣು ಮುಚ್ಚಿ ಎಣಿಸಿದಳು. ಇದೇ ನಡುಕವನ್ನು ಅವಳು ಹದಿನೆಂಟು ವರ್ಷ ರೋಗದಂತೆ ಕಂಡು ಓಡಿಸಿದ್ದಳು. ಅದರೊಳಗೆ ಒಂದು ನಡಿಗೆ ಇದೆಯೆಂದು ಯಾವ ಗುರುವೂ ಹೇಳಿರಲಿಲ್ಲ.

ದರ್ಜಿಯಮ್ಮ ವಾದ್ಯ ಇಸಿದುಕೊಂಡರು. "ಒಂದು ಮಾತು ಕೊಡು. ಇನ್ನು ಯಾರೂ ಇದನ್ನ ಸರಿ ಮಾಡಬಾರದು."

"ಮಾತು ಕೊಟ್ಟೆ," ಎಂದಳು, ರೆಕಾರ್ಡರಿನ ಗುಂಡಿ ಒತ್ತುತ್ತ.

ಕೊಡುವುದೇನು, ಸುಲಭ. ಬುಧವಾರ ನಿಲಯದ ಮುಖ್ಯಸ್ಥರು ಅವಳನ್ನು ಕರೆದು, ಬಹಳ ಖುಷಿಯಿಂದ, "ಮೇಡಂ, ನೀವು ಕೊಟ್ಟ ರೆಕಾರ್ಡಿಂಗಲ್ಲಿ ಆ ದರ್ಜಿ ಅಜ್ಜಿ ತಂತಿ ಅಪಶ್ರುತಿ. ಕಂಪ್ಯೂಟರಿಗೆ ಹಾಕಿ ಸರಿ ಮಾಡಿದೀನಿ, ಕೇಳಿ," ಎಂದರು.

ಕೇಳಿದಳು. ತಂತಿ ಇಸ್ತ್ರಿ ಹಾಕಿದಷ್ಟು ನುಣ್ಣಗಿತ್ತು. ದರ್ಜಿಯಮ್ಮನ ದನಿ ಮಾತ್ರ, ಮೆಟ್ಟಿಲು ಕಿತ್ತುಹಾಕಿದ ಮೇಲೆ ಇಳಿಯುವವರಂತೆ, ಸಾಲುಸಾಲಿಗೂ ಎಡವುತ್ತಿತ್ತು.

"ಸರ್, ಅದು ಅಪಶ್ರುತಿ ಅಲ್ಲ. ಬೇಕು ಅಂತಲೇ ಹಾಗಿಡೋದು. ಇದು ಪ್ರಸಾರಕ್ಕೆ ಹೋಗಬಾರದು."

"ಕೇಳುಗರು ಫೋನ್ ಮಾಡಿ ಬೈಯೋದು ನನಗೆ."

"ನನ್ನ ನಂಬರ್ ಕೊಡಿ, ನಾನು ಬೈಸ್ಕೋತೀನಿ."

ಮುಖ್ಯಸ್ಥರ ಖುಷಿ ಇಳಿಯಿತು. "ನೋಡಿ, ಹೋಗೋದು ಇದೇ. ಬೇಡ ಅಂದ್ರೆ ನಾಳೇನೇ ನಿಮ್ಮ ಕೊನೇ ಕಾರ್ಯಕ್ರಮ. ಗಿಟಾರ್ ನುಡಿಸೋರು ಗಲ್ಲಿಗೊಬ್ಬರು ಸಿಗ್ತಾರೆ."

ಅವಳಿಗೆ ಭಯವಾಯಿತು. ಆಗಲಿಲ್ಲವೆಂದರೆ ಸುಳ್ಳಾಗುತ್ತದೆ. ಈ ಅರ್ಧ ಗಂಟೆ ಹೋದರೆ ಮತ್ತೆ ಯಾರದೋ ಬೆನ್ನು ನೋಡುತ್ತ ನುಡಿಸುವ ಬದುಕು. ಆ ಬೆನ್ನುಗಳನ್ನು ನೋಡಿ ನೋಡಿ ಅವಳಿಗೆ ಸಾಕಾಗಿತ್ತು. ಆದರೆ ಭಯಕ್ಕಿಂತ ಸಿಟ್ಟು ಒಂದು ಕೈ ಮೇಲಿತ್ತು. ಚಪ್ಪಾಳೆ ಗಿಟ್ಟಿಸಿದ ಆ ವಿದ್ವಾಂಸನ ಮೇಲೆ, ಈ ಮುಖ್ಯಸ್ಥರ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತುರಿಸಿದ ತನ್ನ ಕೈಯ ಮೇಲೆ.

ಗುರುವಾರ ಹನ್ನೊಂದಕ್ಕೆ ಕೆಂಪು ದೀಪ ಹೊತ್ತಿತು. ಕೋಣೆಯಲ್ಲಿ ಅವಳೊಬ್ಬಳೇ. ದರ್ಜಿಯಮ್ಮನ ಪರಿಚಯ ಹೇಳಿದಳು. ಆಮೇಲೆ ಮೈಕಿಗೆ ಇನ್ನಷ್ಟು ಹತ್ತಿರ ಬಾಗಿದಳು.

"ಈಗ ನೀವು ಕೇಳಬೇಕಿದ್ದ ಹಾಡನ್ನ ನಮ್ಮ ನಿಲಯದಲ್ಲಿ ಸರಿ ಮಾಡಿ ಇಟ್ಟಿದ್ದಾರೆ. ಅವರೊಬ್ಬರನ್ನೇ ದೂರಲ್ಲ, ಅವರಿಗಿಂತ ಮೊದಲು ಆ ತಂತಿ ಕೆಡಿಸಿದವಳು ನಾನೇ. ಸರಿ ಮಾಡಿದ್ದು ನನ್ನ ಹತ್ತಿರ ಇದೆ, ಹಾಕೋದಿಲ್ಲ. ಆ ತಾಯಿ ನುಡಿಸಿದ್ದು ಹೀಗೆ."

ರೆಕಾರ್ಡರನ್ನು ಮೈಕಿಗೆ ಆನಿಸಿ ಗುಂಡಿ ಒತ್ತಿದಳು.

ಹಾಡಿನ ಎರಡನೆಯ ಸಾಲಿಗೆ ಬಾಗಿಲು ತೆರೆಯಿತು. ಮುಖ್ಯಸ್ಥರು ದಡಬಡಿಸಿ ಬಂದವರು ಕೆಂಪು ದೀಪ ನೋಡಿ ಗಕ್ಕನೆ ನಿಂತರು. ದೀಪ ಉರಿಯುವಾಗ ಒಳಗೆ ಯಾರೇ ಬಾಯಿ ತೆರೆದರೂ ಇಡೀ ಊರಿಗೆ ಕೇಳುತ್ತದೆ. ಹಾಗೆಂದು ಬಾಗಿಲಿಗೆ ಚೀಟಿ ಅಂಟಿಸಿದವರು ಅವರೇ. ಬಾಯಲ್ಲಿ ಬಿಸಿ ತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ನಿಲ್ಲಿಸಿ ನಿಲ್ಲಿಸಿ ಎಂದು ಎರಡೂ ಕೈ ಆಡಿಸಿದರು. ಆ ಕೈಗಳಿಗೂ ತೂಗಿಗೂ ತಾಳಮೇಳವೇ ಇರಲಿಲ್ಲ. ಅವಳಿಗೆ ನಗು ಬಂತು, ನುಂಗಿಕೊಂಡಳು.

ಅವರು ತುದಿಗಾಲಲ್ಲಿ ಬಂದು ರೆಕಾರ್ಡರಿಗೆ ಕೈ ಹಾಕಿದರು. ಅವಳು ಅದನ್ನು ಅಂಗೈಯಿಂದ ಒತ್ತಿ ಹಿಡಿದು ಅವರ ಕಣ್ಣನ್ನೇ ನೋಡಿದಳು. ಕಿತ್ತುಕೊಂಡರೆ ಕಿತ್ತಾಟವೂ ಊರಿಗೆಲ್ಲ ಕೇಳುತ್ತದೆ. ಅವರು ಕೈ ಹಿಂದೆಳೆದುಕೊಂಡರು.

ಹಾಡು ಮೂರು ನಿಮಿಷ ನಲವತ್ತು ಸೆಕೆಂಡು ನಡೆಯಿತು. ಎಲ್ಲೂ ಎಡವಲಿಲ್ಲ.

ಅವಳು ದೀಪ ಆರಿಸಲಿಲ್ಲ. ಮೈಕನ್ನು ಮೇಜಿನ ಮೇಲೆಯೇ ಅವರ ಕಡೆ ಜರುಗಿಸಿದಳು.

"ಸರ್, ಏನೋ ಹೇಳೋಕೆ ಬಂದ ಹಾಗಿತ್ತು. ಹೇಳಿ, ಎಲ್ಲರೂ ಕೇಳ್ತಿದ್ದಾರೆ."

ಮುಖ್ಯಸ್ಥರು ತುದಿಗಾಲಲ್ಲೇ ಬಾಗಿಲ ಕಡೆ ಹಿಂದೆ ಸರಿದರು. ರೆಕಾರ್ಡರ್ ಇನ್ನೂ ಓಡುತ್ತಿತ್ತು. ಅದರೊಳಗೆ ದರ್ಜಿಯಮ್ಮ ಕೆಮ್ಮಿದರು, ಸ್ಟೂಲು ಎಳೆದುಕೊಂಡರು, ಬಟ್ಟೆ ಕೊಡವಿದ ಸದ್ದಾಯಿತು. ಹೊಲಿಗೆ ಯಂತ್ರ ಶುರುವಾಯಿತು, ಊರಿಗೆಲ್ಲ ಕೇಳುವಂತೆ.