ಗಂಟು ನೋಡುವ ಷಡ್ಡಕ

ನನ್ನ ಷಡ್ಡಕ, ಅಂದರೆ ನಾದಿನಿಯ ಗಂಡ, ಮೊದಲ ಸಲ ನಮ್ಮ ಮನೆಗೆ ಬಂದಾಗ ಊಟದ ಉದ್ದಕ್ಕೂ ನನ್ನ ಹೆಂಡತಿಗೆ ಕಣ್ಣು ಹೊಡೆದ. ಹಾಗೆಂದು ನಾನು ತಿಳಿದೆ. ಅವಳು ಬಾಯಿ ತೆರೆದಾಗಲೆಲ್ಲ ಅವನ ಎಡಗಣ್ಣು ಮೆಲ್ಲಗೆ ಮುಚ್ಚುತ್ತಿತ್ತು. ಆಮೇಲೆ ನೀರಿನ ಹೂಜಿಗೂ, ಕೊನೆಗೆ ನನಗೂ ಅದೇ ಭಾಗ್ಯ ಸಿಕ್ಕಾಗ ಹೆಂಡತಿ ನನ್ನನ್ನು ಅಡುಗೆಮನೆಗೆ ಎಳೆದು ಹೇಳಿದಳು: "ಮುಖ ಸರಿ ಮಾಡ್ಕೊಳ್ಳಿ. ಅದು ಮೈಕ್ರೋಸ್ಕೋಪಿನ ಅಭ್ಯಾಸ, ಲಕ್ಷ್ಯ ಕೊಟ್ಟಾಗ ಕಣ್ಣು ಮುಚ್ಚುತ್ತೆ. ನೀವು ಯಾವತ್ತಾದ್ರೂ ನನ್ನ ಮಾತು ಅಷ್ಟು ಲಕ್ಷ್ಯ ಕೊಟ್ಟು ಕೇಳಿದ್ದೀರಾ?" ಸಂಶಯ ಹೋಯಿತು, ಹೊಟ್ಟೆಕಿಚ್ಚು ಕಾಯಂ ಆಯಿತು.

ಅವನ ಕಸುಬು ನಾಯಿಗಳ ಗಂಟು ಪರೀಕ್ಷಿಸುವುದು. ಪ್ರಾಣಿಗಳ ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ, ಔಷಧದ ಘಾಟಿನ ನಡುವೆ, ಮೇಣದಲ್ಲಿ ಹುದುಗಿಸಿ ಕೂದಲಿಗಿಂತ ತೆಳ್ಳಗೆ ಕೊಯ್ದ ಮಾಂಸದ ಪದರಗಳನ್ನು ಗಾಜಿನ ಮೇಲೆ ಹರವಿ, ಮೂಲೆಯಿಂದ ಮೂಲೆಗೆ ಸಾಲುಸಾಲಾಗಿ ನೋಡುತ್ತ ಕೂರುತ್ತಾನೆ. ನಡಿಗೆಯೂ ಹಾಗೆಯೇ: ಯಾರ ಮನೆಯ ಹಜಾರಕ್ಕೆ ಹೋದರೂ ಗೋಡೆ ಹಿಡಿದು ಅಡ್ಡಡ್ಡ ಸರಿದು, ಒಂದು ಮೂಲೆಯನ್ನೂ ಬಿಡದೆ ಕಂಡು, ಆಮೇಲೆ ಕುರ್ಚಿಗೆ ಬರುತ್ತಾನೆ. ಬಿಳಿ ಕೋಟಿನ ತೋಳಿನ ಅಂಚು ಬಣ್ಣ ತಗಲಿ ಕಂದು. ಮದುವೆಮನೆಗೂ ಅದೇ ಕೋಟು. ಇಸ್ತ್ರಿ ಮಾಡಿದ ಅಂಗಿಯಲ್ಲಿ ನಾನು ಕಂಬದ ಹಾಗೆ ನಿಂತಿದ್ದರೂ ನೆಂಟರು ಮುತ್ತುವುದು ಆ ಕಂದು ತೋಳನ್ನೇ. ರೋಗದೊಡನೆ ಕಾದುವ ರಕ್ಷಣಾಕಣಗಳಿಗೆ ಅವನು ಬಹುವಚನದ ಮರ್ಯಾದೆ ಕೊಡುತ್ತಾನೆ. ಗಂಟಿಗೆ ಮಾತ್ರ ಏಕವಚನ. ನಮ್ಮ ಮನೆಯಲ್ಲಿ ನನ್ನ ಸ್ಥಾನ ಇವೆರಡರ ನಡುವೆ ಎಲ್ಲೋ ಇದೆ.

ಕಳೆದ ವರ್ಷ ನಮ್ಮ ಎಳೆಯ ನಾಯಿಯ ಕಿವಿಯ ಮೇಲೆ ಅಂಗಿಯ ಗುಂಡಿಯಂಥ ಕೆಂಪು ಗಂಟು ಎದ್ದಿತು. ಬೀದಿಯ ತುದಿಯ ಪಶುವೈದ್ಯರು ಸೂಜಿ ಚುಚ್ಚಿ ನೋಡಿ, "ದುಂಡು ಕಣಗಳು. ಕೆಟ್ಟ ಗಂಟಿರಬಹುದು. ಕಿವೀನ ಬುಡದಿಂದಲೇ ತೆಗೆಯೋದು ಕ್ಷೇಮ" ಎಂದರು. ಯಜಮಾನನ ಗತ್ತಿನಲ್ಲಿ ನಾನು "ತೆಗೆಸೋಣ" ಎಂದು ಅಪ್ಪಣೆ ಕೊಡಿಸಿದೆ. ಹೆಂಡತಿ ಅಪ್ಪಣೆಯನ್ನು ಪಕ್ಕಕ್ಕಿಟ್ಟು, ಗಂಟಿನದೊಂದು ಚೂರನ್ನು ತೆಗೆಸಿ ಷಡ್ಡಕನಿಗೆ ಕಳಿಸಿದಳು.

ದುಂಡು ಕಣಗಳೆಲ್ಲ ನೋಡಲು ಅಣ್ಣತಮ್ಮಂದಿರ ಹಾಗಿರುತ್ತವಂತೆ. ಯಾರು ಯಾವ ಮನೆಯವರೆಂದು ತಿಳಿಯಲು ಪ್ರತಿಕಾಯ, ಅಂದರೆ ಆ್ಯಂಟಿಬಾಡಿ, ಬೇಕು. ತನಗೆ ಗೊತ್ತಿರುವ ಒಂದೇ ಒಂದು ಗುರುತನ್ನು ಹುಡುಕಿ ಹೋಗಿ ಅಂಟಿಕೊಳ್ಳುವುದು ಅದರ ಸ್ವಭಾವ. ಅದರ ಬೆನ್ನಿಗೆ ಬಣ್ಣ ಕಟ್ಟಿ ಬಿಟ್ಟರೆ ಬೇಕಾದ ಕಣ ತಾನಾಗಿ ಬಯಲಿಗೆ ಬೀಳುತ್ತದೆ. ಹಾಗೆ ನೋಡಿ ಮುಗಿಸಿ ಅವನು ಫೋನು ಮಾಡಿದ: "ಅಕ್ಕಾ, ಈ ಗಂಟು ಪಾಪದವನು. ರಕ್ಷಣಾಕಣದವರೆಲ್ಲ ಆಗಲೇ ಇವನ ಬುಡಕ್ಕೆ ದಂಡು ಕಟ್ಕೊಂಡು ಬಂದಿದ್ದಾರೆ, ಕೆಲಸ ಶುರು ಮಾಡಿದ್ದಾರೆ. ಕಿವಿ ಮುಟ್ಟಬೇಡಿ, ಕಾಯೋಣ."

"ನಮ್ಮನೆಯವರು ತೆಗೆಸ್ಲೇಬೇಕು ಅಂತಾರಲ್ಲ."

"ಹಾಗಾದ್ರೆ ಭಾವನದ್ದು ತೆಗೆಸಿ."

ಕಾದೆವು. ಗಂಟು ಮೊದಲು ಇನ್ನಷ್ಟು ಕೆರಳಿ, ಒಡೆದು, ಹುಣ್ಣಾಯಿತು. 'ಅಂತೂ ಎಡವಿದ!' ಎಂದು ನನ್ನೊಳಗೆ ಯಾರೋ ಚಪ್ಪಾಳೆ ತಟ್ಟಿದರು. ಅದೇ ಹೊತ್ತಿಗೆ ನಾಯಿ ಬಂದು, ನೋಯುವ ಕಿವಿಯನ್ನು ನನ್ನ ಮೊಣಕಾಲಿಗೆ ಒರಗಿಸಿ ನಿಂತಿತು. ಚಪ್ಪಾಳೆ ಅಲ್ಲಿಗೇ ಅಡಗಿತು. ಅವನೇ ಗೆಲ್ಲಲಿ ಎಂದು ಹಾರೈಸಿದೆ, ಹಲ್ಲು ಕಚ್ಚಿಕೊಂಡೇ. ವಾರಗಳು ಕಳೆದಂತೆ ಗಂಟು ಕುಗ್ಗಿ, ಒಣಗಿ, ಕೂದಲಿಲ್ಲದ ಒಂದು ಚುಕ್ಕೆಯಷ್ಟೇ ಉಳಿಯಿತು.

ಇಂಥವರ ಕುಲವೇ ಹಾಗೆ. ನಮ್ಮಂಥವರು ಏನಾದರೊಂದು ಮಾಡಿ ದೊಡ್ಡವರಾಗಲು ಹೆಣಗುತ್ತೇವೆ. ಅವರು ಏನೂ ಮಾಡಬಾರದ ಹೊತ್ತು ಯಾವುದೆಂದು ಕಂಡುಕೊಂಡು, ಸುಮ್ಮನೆ ಕೂತೇ ದೊಡ್ಡವರಾಗಿಬಿಡುತ್ತಾರೆ. ಸಹಿಸುವುದು ಕಷ್ಟ.

ಈಗ ಅವನು ಬಂದರೆ ನಾಯಿ ನನ್ನನ್ನು ದಾಟಿಕೊಂಡು ಅವನತ್ತ ಓಡುತ್ತದೆ. ಮೊನ್ನೆ ತಡೆಯಲಾರದೆ ಕೇಳಿಬಿಟ್ಟೆ: "ಅಲ್ಲಯ್ಯಾ, ಕಿವಿ ಉಳಿಸಿದವನು ನೀನೇ ಅಂತ ಇದಕ್ಕೆ ಹೇಗೆ ಗೊತ್ತಾಯ್ತು?"

"ಅದಕ್ಕೇನು ಗೊತ್ತು ಭಾವ? ನನ್ನ ಜೇಬಲ್ಲಿ ಬಿಸ್ಕತ್ತಿದೆ."