ಕುಡಿಯದೆ ಇಟ್ಟ ಬಟ್ಟಲು

ಮುತ್ತಿನ ದೋಣಿಗಳನ್ನು ಮರಳಿನ ಮೇಲೆಳೆದು ಮೀನೆಣ್ಣೆ ಬಳಿಯುವ ಚಳಿಗಾಲದಲ್ಲಿ, ಅರಬ್ ತೀರದ ಖೋರ್ ಸಿದ್ರದ ಇಂಗ್ಲಿಷ್ ಕಚೇರಿಯಲ್ಲಿ ಊರಿನ ದೊಡ್ಡ ಮನುಷ್ಯರ ಪಟ್ಟಿ ಹೊಸದಾಗುತ್ತಿತ್ತು. ಹೊಸದಾಗುವುದೆಂದರೆ, ಮುನ್ಷಿ ಅತೀಖ್ ಬಿನ್ ಸುರೂರ್ ಹಳೆಯ ಪಟ್ಟಿಯನ್ನು ಎಡಗಡೆ ಇಟ್ಟುಕೊಂಡು ಇನ್ನೊಮ್ಮೆ ಟೈಪ್ ಮಾಡುತ್ತಿದ್ದ, ಅಷ್ಟೆ. ಸತ್ತವರನ್ನು ಬಿಡುವುದು, ಉಳಿದವರ ವಯಸ್ಸಿಗೆ ಒಂದು ಕೂಡಿಸುವುದು. ಒಟ್ಟು ನಲವತ್ತೊಂದು ಹೆಸರು, ಒಂದೊಂದರ ಕೆಳಗೆ ಎರಡೋ ಮೂರೋ ಸಾಲು. 'ಶ್ರೀಮಂತ, ಸೋಮಾರಿ, ತಂಟೆಗೆ ಬಾರದವನು.' 'ಬುದ್ಧಿವಂತ, ಆದರೆ ಹೆಂಡತಿಯ ಅಣ್ಣಂದಿರು ಹೇಳಿದಂತೆ ಕೇಳುವವನು.' ಅಧಿಕಾರಿಗಳು ಎರಡು ಮೂರು ವರ್ಷಕ್ಕೊಮ್ಮೆ ಬದಲಾಗುತ್ತಿದ್ದರು, ಸಾಲುಗಳು ಮಾತ್ರ ಹಾಗೇ ಇರುತ್ತಿದ್ದವು. ಹೊಸದಾಗಿ ಬಂದವರಿಗೆ ಊರು ಗೊತ್ತಿರುವುದಿಲ್ಲ, ಹಾಗಾಗಿ ಹಿಂದಿನವರು ಬರೆದದ್ದನ್ನು ಓದುತ್ತಾರೆ. ಓದಿದ ಮೇಲೆ ಊರು ಗೊತ್ತಾಯಿತು ಎಂದುಕೊಳ್ಳುತ್ತಾರೆ.

ಹತ್ತೊಂಬತ್ತನೆಯ ಹೆಸರಿಗೆ ಬಂದಾಗ ಅತೀಖನ ಬೆರಳು ನಿಧಾನವಾಗುತ್ತಿತ್ತು. ಇದು ಮೂರನೆಯ ವರ್ಷ.

'ಗಾನಿಮ್ ಬಿನ್ ಹಿಲಾಲ್, ಮುತ್ತಿನ ವ್ಯಾಪಾರಿ. ಜಂಬದವನು. ನಮ್ಮ ಮೇಲೆ ದ್ವೇಷವುಳ್ಳವನು. ಕಚೇರಿಗೆ ಬಂದು, ಕೊಟ್ಟ ಕಾಫಿಯನ್ನು ಮುಟ್ಟದೆ ಎದ್ದುಹೋದ. ಯಾವ ಅನುಕೂಲಕ್ಕೂ ಅರ್ಹನಲ್ಲ.'

ಬರೆದವರು ಕ್ಯಾಪ್ಟನ್ ಪ್ರೆಂಟಿಸ್. ಅವರು ಊರು ಬಿಟ್ಟು ವರ್ಷದ ಮೇಲಾಗಿತ್ತು. ಈಗಿನ ಅಧಿಕಾರಿ ಮೇಜರ್ ಲೇತಮ್ ಮಿತಭಾಷಿ, ಎಲ್ಲವನ್ನೂ ಕಾಗದದಲ್ಲಿ ನೋಡಿಯೇ ನಂಬುವವರು. ಎರಡು ದಿನದ ಕೆಳಗೆ ಅವರ ಮೇಜಿಗೆ ಒಂದು ಅರ್ಜಿ ಬಂದಿತ್ತು. ಗಾನಿಮ್ ಬಿನ್ ಹಿಲಾಲನ ಎರಡೂ ಕಣ್ಣಿಗೆ ಪೊರೆ ಬಂದಿದೆ, ಬೊಂಬಾಯಿಗೆ ಹೋಗಿ ಪೊರೆ ತೆಗೆಸಿಕೊಳ್ಳಬೇಕು, ಪ್ರಯಾಣದ ಪರವಾನಗಿ ಬೇಕು. ಮೇಜರ್ ಪಟ್ಟಿ ತೆಗೆದು, ಹತ್ತೊಂಬತ್ತನೆಯ ಹೆಸರಿನ ಮೇಲೆ ಬೆರಳಿಟ್ಟು ಓದಿ, ಅರ್ಜಿಯ ಅಂಚಿನಲ್ಲಿ 'ಬೇಡ' ಎಂದು ಬರೆದಿದ್ದರು. ಆ ಉತ್ತರವನ್ನು ಅರಬ್ಬಿಗೆ ತಿರುಗಿಸಿ ಕಳಿಸಿದವನೂ ಅತೀಖನೇ.

ಅಂದು ಮಧ್ಯಾಹ್ನ ಗಾನಿಮ್ ಗೋಡೆ ಸವರಿಕೊಂಡು ಅತೀಖನ ಮನೆಗೆ ಬಂದ. ಒಂದು ಕಾಲದಲ್ಲಿ ಮುತ್ತನ್ನು ಅಂಗೈಯಲ್ಲಿ ಹೊರಳಿಸಿ, ಅದು ಕಡಲೊಳಗಿನ ಯಾವ ದಿಬ್ಬದ ಚಿಪ್ಪಿನದು ಎಂದು ಹೇಳುತ್ತಿದ್ದ ಮನುಷ್ಯ. ಈಗ ಹೊಸ್ತಿಲು ಎಲ್ಲಿದೆಯೆಂದು ಕಾಲಿನಿಂದ ಹುಡುಕುತ್ತಿದ್ದ. ಅತೀಖನ ತಾಯಿ ಶಮ್ಮಾ ಚಾಪೆ ಕೊಡವಿ ಹಾಸಿ, ಖರ್ಜೂರ ಮುಂದಿಟ್ಟಳು.

"ಅತೀಖ್, ನನ್ನ ಅಣ್ಣನ ಮಗನ ಹಾಗೆ ನೀನು," ಎಂದ ಗಾನಿಮ್. "ಒಂದು ಮಾತು ಹೇಳು. ಈ ಸಾಹೇಬನ ಮುಖಾನೂ ನಾನು ನೋಡಿಲ್ಲ. ನನ್ನ ಮೇಲೆ ಅವನಿಗೇನು ಸಿಟ್ಟು?"

"ಸಿಟ್ಟೇನಿಲ್ಲ ಚಿಕ್ಕಪ್ಪ. ನಿಯಮ ಇರುತ್ತೆ."

"ನಿಯಮಕ್ಕೂ ಒಬ್ಬ ಅಪ್ಪ ಇರ್ತಾನಲ್ಲಪ್ಪ. ಯಾರು ಅಂತ ಕೇಳ್ದೆ." ಸ್ವಲ್ಪ ಹೊತ್ತು ಕೂತು, ಖರ್ಜೂರವನ್ನು ಹೊಗಳಿ, ಬಂದ ಹಾಗೆಯೇ ಗೋಡೆ ಸವರಿಕೊಂಡು ಹೋದ. ಮುಂದಿನ ಹಡಗಿಗೆ ಎಂಟು ದಿನ ಉಳಿದಿತ್ತು. ಅದು ತಪ್ಪಿದರೆ ಇನ್ನೊಂದು ಹಡಗು ಬರುವುದರೊಳಗೆ ಬೇಸಿಗೆಯ ಗಾಳಿ, ಸೆಕೆ. ಅಷ್ಟರಲ್ಲಿ ಉಳಿದಿರುವ ಬೆಳಕೂ ಹೋಗುತ್ತದೆಂದು ಊರಿನ ವೈದ್ಯ ಹೇಳಿಯಾಗಿತ್ತು.

ಗಾನಿಮ್ ಹೋದ ಮೇಲೆ ಶಮ್ಮಾ ಮಗನನ್ನು ಬಿಡಲಿಲ್ಲ. ಬಗೆಬಗೆಯಾಗಿ ಕೇಳಿದಳು. ಕೊನೆಗೆ ಅವನು ಮೂರು ವರ್ಷ ಹಿಂದಿನ ಆ ಬೆಳಗಿನ ಸಂಗತಿಯನ್ನು ಹೇಳಿದ.

ಕಚೇರಿಯವರು ತಮ್ಮ ತೋಟಕ್ಕೆಂದು ಊರಾಚೆಯ ಸಿಹಿನೀರಿನ ಬಾವಿಗೆ ಬೇಲಿ ಹಾಕಿದ ಕಾಲ ಅದು. ಕೇರಿಯ ಹೆಂಗಸರ ಪರವಾಗಿ ಗಾನಿಮ್ ಪ್ರೆಂಟಿಸರನ್ನು ಕಾಣಲು ಬಂದಿದ್ದ. ಕುಶಲ ವಿಚಾರಿಸಿದ್ದಾಯಿತು, ಕಾಫಿ ಬಂತು. ಗಾನಿಮ್ ಬಟ್ಟಲನ್ನು ಬಲಗೈಯಲ್ಲಿ ತೆಗೆದುಕೊಂಡು, ತುಟಿಗೆ ಸೋಕಿಸದೆ, ತನ್ನ ಮುಂದೆ ನೆಲದ ಮೇಲಿಟ್ಟ. ಇಟ್ಟು ಸುಮ್ಮನೆ ಕೂತ. ಆ ತೀರದಲ್ಲಿ ಅದರ ಅರ್ಥ ಮಕ್ಕಳಿಗೂ ಗೊತ್ತು: ನಾನು ಒಂದು ಬೇಡಿಕೆ ಹೊತ್ತು ಬಂದಿದ್ದೇನೆ. 'ಏನು ಬೇಕು?' ಎಂದು ಮನೆಯ ಯಜಮಾನ ಕೇಳಬೇಕು. ಕೇಳುವ ಮೊದಲೇ ಬಾಯಿಬಿಟ್ಟರೆ ಅದು ಭಿಕ್ಷೆ. ಕೇಳಿದ ಮೇಲೆ 'ಕುಡಿ, ನಿನ್ನ ಕೆಲಸ ಆಯಿತು' ಎಂದರೆ ಬಂದವನು ಕುಡಿಯುತ್ತಾನೆ. ಇಂಗ್ಲಿಷನೊಬ್ಬನಿಗೆ ಇದು ತಿಳಿದಿರಲಾರದೆಂದು ಗಾನಿಮ್‌ಗೆ ಹೊಳೆಯಲೇ ಇಲ್ಲ. ಕಾಫಿ ಕೊಡುವುದು ಗೊತ್ತಿರುವವನಿಗೆ ಬಟ್ಟಲು ನೋಡುವುದು ಗೊತ್ತಿರುವುದಿಲ್ಲವೇ?

ಪ್ರೆಂಟಿಸ್ ಬಟ್ಟಲನ್ನು ನೋಡಿದರು, ಗಡಿಯಾರ ನೋಡಿದರು. ಮುಖ ಕೆಂಪಾಯಿತು. ಕಾಫಿಯ ಮೇಲಿನ ಹಬೆ ನಿಂತುಹೋದ ಮೇಲೆ ಗಾನಿಮ್ ಎದ್ದು, ಸಲಾಮು ಹೇಳಿ ಹೊರಟುಹೋದ.

"ನೀನೇನು ಮಾಡ್ತಿದ್ದೆ ಆಗ?" ಶಮ್ಮಾ ಕೇಳಿದಳು.

ಅತೀಖ್ ದುಭಾಷಿಯಾಗಿ ಇಬ್ಬರ ನಡುವೆ ನಿಂತಿದ್ದ. ಅದರ ಹಿಂದಿನ ವಾರ, ಯಾರದೋ ಮಾತಿಗೆ ವಿವರಣೆ ಸೇರಿಸಿದನೆಂದು ಪ್ರೆಂಟಿಸ್ ಅವನನ್ನು ಗದರಿದ್ದರು. ಆಡಿದ್ದನ್ನು ಆಡಿದಷ್ಟೇ ತಿಳಿಸು, ನಿನ್ನದೇನೂ ಸೇರಬಾರದು ಎಂದಿದ್ದರು. ಗಾನಿಮ್ ಏನನ್ನೂ ಆಡಲಿಲ್ಲ. ಆಡದ್ದನ್ನು ತಿಳಿಸುವುದು ಹೇಗೆ? ಅವನು ಹೀಗೆ ತನಗೆ ತಾನೇ ಹೇಳಿಕೊಂಡಿದ್ದ.

"ಮೂರು ವರ್ಷ ಇದನ್ನ ಹೊಟ್ಟೇಲಿಟ್ಕೊಂಡು ನಾನು ಹೊತ್ತು ತಂದ ನೀರು ಕುಡಿದ್ಯಲ್ಲೋ," ಎಂದಳು ಶಮ್ಮಾ. "ಗಂಟಲಿಗಿಳೀತಾ? ನಿನ್ನ ಸಾಹೇಬ ಒಂದು ಗಿಳಿ ಸಾಕಿದ್ರೆ ಸಾಕಿತ್ತು. ಅದಕ್ಕೆ ಸಂಬಳಾನೂ ಇಲ್ಲ, ಪೇಟಾನೂ ಬೇಡ."

ಆ ಸಂಜೆಯೆಲ್ಲ ಅವನು ಯೋಚಿಸಿದ. ಹೊಸ ಪಟ್ಟಿಯಲ್ಲಿ ಆ ಸಾಲನ್ನೇ ಬಿಟ್ಟುಬಿಡಬಹುದು. ಆದರೆ ಮೇಜರ್ ಸಹಿ ಹಾಕುವ ಮೊದಲು ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು, ಅಳತೆಪಟ್ಟಿಯನ್ನು ಸಾಲುಸಾಲಾಗಿ ಜಾರಿಸುತ್ತ ಓದುತ್ತಾರೆ. ಅಷ್ಟೇ ಅಲ್ಲ, ಸುಮ್ಮನಿದ್ದು ಮಾಡಿದ ತಪ್ಪನ್ನು ಸುಮ್ಮನೆ ಅಳಿಸಿದರೆ ಅದು ತಿದ್ದಿದಂತಲ್ಲ, ಎರಡನೆಯ ಸಲ ಮಾಡಿದಂತೆ. ಬಾಯಿಬಿಟ್ಟು ಹೇಳಿದರೆ? ಮೂರು ವರ್ಷ ಗೊತ್ತಿದ್ದೂ ತಪ್ಪು ಸಾಲು ಟೈಪ್ ಮಾಡಿದ ಮುನ್ಷಿಯನ್ನು ಯಾವ ಕಚೇರಿ ಇಟ್ಟುಕೊಳ್ಳುತ್ತದೆ?

ಪ್ರತಿ ದಿನ ಹತ್ತು ಗಂಟೆಗೆ, ಟಪಾಲು ಓದಿ ಮುಗಿದ ಮೇಲೆ, ಮೇಜರ್ ತಮಗೊಂದು ಮುನ್ಷಿಗೊಂದು ಕಾಫಿ ತರಿಸುತ್ತಿದ್ದರು. ಮಾರನೆಯ ದಿನವೂ ತರಿಸಿದರು. ಅತೀಖ್ ಬಟ್ಟಲನ್ನು ಬಲಗೈಯಲ್ಲಿ ತೆಗೆದುಕೊಂಡ, ಮೇಜಿನ ಮೇಲೆ ತನ್ನ ಮುಂದಿಟ್ಟ, ಕೈಯನ್ನು ಮಡಿಲಿಗೆ ಎಳೆದುಕೊಂಡ. ಮೇಜರ್ ತಮ್ಮದನ್ನು ಅರ್ಧ ಕುಡಿದ ಮೇಲೆ ಗಮನಿಸಿದರು.

"ಕಾಫಿ ಕೆಟ್ಟಿದೆಯಾ, ಮುನ್ಷಿ?"

"ಇಲ್ಲ ಸಾಹೇಬ್ರೆ."

"ಹೊಟ್ಟೆ ಸರಿ ಇಲ್ವಾ?"

"ಸರಿ ಇದೆ."

"ಮತ್ತೆ ಯಾಕೆ ಕುಡೀತಿಲ್ಲ?"

ಎಷ್ಟು ಸಣ್ಣ ಪ್ರಶ್ನೆ, ಎಂದುಕೊಂಡ ಅತೀಖ್. ಅಂದು ಪ್ರೆಂಟಿಸ್ ಇಷ್ಟನ್ನು ಕೇಳಿದ್ದರೆ ಸಾಕಾಗಿತ್ತು.

"ನಮ್ಮಲ್ಲಿ ಏನಾದ್ರೂ ಕೇಳೋದಿದ್ರೆ ಬಟ್ಟಲು ಹೀಗಿಡ್ತೀವಿ. ಯಜಮಾನ ಕೇಳಿ, ಒಪ್ಪೋವರೆಗೂ ಕುಡಿಯೋದಿಲ್ಲ."

"ಯಜಮಾನ ಕೇಳದೇ ಇದ್ರೆ?"

"ಬಂದವನು ಎದ್ದು ಹೋಗ್ತಾನೆ, ಸಾಹೇಬ್ರೆ. ಹತ್ತೊಂಬತ್ತನೇ ಹೆಸರಿನವರು ಹೋದ ಹಾಗೆ."

ಮೇಜರ್ ತಮ್ಮ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. ಪಟ್ಟಿ ತೆಗೆದು ಆ ಸಾಲುಗಳನ್ನು ಓದಿದರು, ಮತ್ತೊಮ್ಮೆ ಓದಿದರು.

"ನೀನು ಆವತ್ತು ಇದೇ ಕೋಣೇಲಿ ಇದ್ದೆಯಾ?"

"ಇದ್ದೆ."

"ಹೇಳಲಿಲ್ಲ."

"ಆಡಿದ್ದನ್ನ ಮಾತ್ರ ತಿಳಿಸು ಅಂತ ಅಪ್ಪಣೆಯಾಗಿತ್ತು." ಆ ಮಾತು ಹೊರಬಿದ್ದಾಗ ಅದು ಎಷ್ಟು ತೆಳುವಾಗಿದೆಯೆಂದು ಅತೀಖನಿಗೇ ಕೇಳಿಸಿತು. "ಅದೂ ನೆಪ, ಸಾಹೇಬ್ರೆ. ಕೆಲಸ ಹೋಗುತ್ತೆ ಅಂತ ಹೆದರಿದ್ದೆ."

"ಅವನು ಕೇಳೋಕೆ ಬಂದಿದ್ದೇನು?"

"ಬಾವಿ."

ಮೇಜರ್ ಕಿಟಕಿಯಿಂದಾಚೆ ನೋಡಿದರು. ಅಲ್ಲಿ ಬೇಲಿಯೂ ಇರಲಿಲ್ಲ, ತೋಟವೂ ಇರಲಿಲ್ಲ. ಪಂಪು ಹಾಕಿ ಎರಡು ಬೇಸಿಗೆ ನೀರೆತ್ತಿದ ಮೇಲೆ ಕಡಲಿನ ನೀರು ಒಳಗೆ ನುಗ್ಗಿ ಬಾವಿ ಉಪ್ಪಾಗಿತ್ತು. ಕೇರಿಯ ಹೆಂಗಸರು ಈಗ ಗುಡ್ಡದಾಚೆಯಿಂದ ನೀರು ತರುತ್ತಿದ್ದರು. ಆ ಬಾವಿಯನ್ನು ಸಿಹಿ ಮಾಡುವ ಪರವಾನಗಿ ಯಾವ ಕಚೇರಿಯಲ್ಲೂ ಸಿಗುವಂಥದಲ್ಲ.

"ಬರೆದದ್ದನ್ನ ಅಳಿಸೋ ಅಧಿಕಾರ ನನಗಿಲ್ಲ," ಎಂದರು ಮೇಜರ್, ಅರ್ಜಿಯನ್ನು ಎಳೆದುಕೊಳ್ಳುತ್ತ. "ಕೆಳಗೆ ಸೇರಿಸಬಹುದು." 'ಬೇಡ' ಎಂಬುದರ ಕೆಳಗೆ ಇನ್ನೊಂದು ಸಾಲು ಬರೆದು ದಿನಾಂಕ ಹಾಕಿದರು. ಆಮೇಲೆ, ಕಲಿತದ್ದನ್ನು ಪರೀಕ್ಷಿಸುವವರ ಹಾಗೆ, "ಈಗ ಕುಡಿ. ನಿನ್ನ ಕೆಲಸ ಆಯ್ತು," ಎಂದರು.

ಕಾಫಿ ತಣ್ಣಗಾಗಿತ್ತು. ಅತೀಖ್ ಪೂರ್ತಿ ಕುಡಿದು ಖಾಲಿ ಬಟ್ಟಲನ್ನು ಬೆರಳಲ್ಲಿ ಅಲುಗಿಸಿದ.

"ಅದಕ್ಕೂ ಏನಾದ್ರೂ ಅರ್ಥ ಇದೆಯಾ?"

"ಇದೆ ಸಾಹೇಬ್ರೆ. ಸಾಕು ಅಂತ."

ಅಂದು ಸಂಜೆಯೇ ಪರವಾನಗಿಯನ್ನು ಅವನೇ ಗಾನಿಮ್‌ನ ಮನೆಗೆ ತೆಗೆದುಕೊಂಡು ಹೋದ. ಕೊಟ್ಟ ಮೇಲೆ ಹೊರಡಲಾಗದೆ ನಿಂತು, ಪಟ್ಟಿಯಲ್ಲಿದ್ದದ್ದನ್ನೂ ತಾನು ಸುಮ್ಮನಿದ್ದದ್ದನ್ನೂ ಒಂದೂ ಬಿಡದೆ ಹೇಳಿದ. ಗಾನಿಮ್ ಕಾಗದವನ್ನು ಮಡಚಿ ಎದೆಯ ಜೇಬಿನಲ್ಲಿಟ್ಟುಕೊಂಡ.

"ಪಟ್ಟಿ ಗೊತ್ತಿರಲಿಲ್ಲ," ಎಂದ. "ನೀನು ಸುಮ್ಮನಿದ್ದದ್ದು ಗೊತ್ತಿತ್ತು. ಸಾಹೇಬನ ಮುಖ ಓದೋಕೆ ನನಗೆ ಬರಲ್ಲ, ನಿನ್ನದು ಬರುತ್ತೆ. ಆವತ್ತು ನನ್ನ ಕಣ್ಣು ಚೆನ್ನಾಗಿತ್ತಪ್ಪ."

"ಮತ್ತೆ ನಿನ್ನೆ ಮನೆಗೆ ಬಂದವರು ಯಾಕೆ ಕೇಳಲಿಲ್ಲ, ಚಿಕ್ಕಪ್ಪ?"

"ಕೇಳಿದೆನಲ್ಲ. ನಿಯಮಕ್ಕೆ ಅಪ್ಪ ಯಾರು ಅಂತ." ಅವನು ನಗಲಿಲ್ಲ, ಗದರಲೂ ಇಲ್ಲ. ಕಾಫಿ ತರಲು ಒಳಗೆ ಕೂಗಿ ಹೇಳಿದ.

ಹಡಗು ಹೋದ ವಾರ ಮೇಜರ್ ಪಟ್ಟಿಯನ್ನು ಪೆನ್ಸಿಲಿನಲ್ಲಿ ತಿದ್ದಿ ಟೈಪಿಗೆ ಕೊಟ್ಟರು. ಹತ್ತೊಂಬತ್ತನೆಯ ಹೆಸರಿನಲ್ಲಿ ಹಳೆಯ ಸಾಲುಗಳು ಹಾಗೇ ಇದ್ದವು, ಜಂಬವೂ ದ್ವೇಷವೂ ಸೇರಿದಂತೆ. ಕೆಳಗೆ ಹೊಸದು: 'ಮೇಲಿನದು ಇಲ್ಲಿನ ಪದ್ಧತಿ ತಿಳಿಯದೆ ಬರೆದದ್ದಿರಬಹುದು.' ಅತೀಖ್ ಆ 'ಇರಬಹುದು' ಎಂಬಲ್ಲಿ ಸ್ವಲ್ಪ ತಡೆದು, ಟೈಪ್ ಮಾಡಿ ಮುಂದೆ ಹೋದ.

ನಲವತ್ತೊಂದನೆಯದು, ಕಚೇರಿಯ ಮುನ್ಷಿಯೆಂದು ಕೊನೆಯಲ್ಲಿ ಸೇರಿಸಿದ್ದ, ಅವನದೇ ಹೆಸರು. 'ನಂಬಿಗಸ್ತ. ಆಡಿದ್ದನ್ನು ಆಡಿದಷ್ಟೇ ತಿಳಿಸುತ್ತಾನೆ, ತನ್ನದೇನನ್ನೂ ಸೇರಿಸುವುದಿಲ್ಲ.' ಪ್ರೆಂಟಿಸರ ಈ ಮೆಚ್ಚುಗೆಯನ್ನು ಅವನು ಮೂರು ವರ್ಷವೂ ತನ್ನ ಕೈಯಾರೆ ಟೈಪ್ ಮಾಡಿದ್ದ. ಅದರ ಕೆಳಗೆ ಪೆನ್ಸಿಲಿನಲ್ಲಿ ಎರಡೇ ಮಾತು ಇತ್ತು: 'ಈಗ ಸೇರಿಸುತ್ತಾನೆ.'

ಅದು ದೂರೋ ಹೊಗಳಿಕೆಯೋ ಅವನಿಗೆ ತಿಳಿಯಲಿಲ್ಲ. ಮುಂದೆ ಬರುವ ಅಧಿಕಾರಿ ತನಗೆ ಬೇಕಾದ ಹಾಗೆ ಓದಿಕೊಳ್ಳುತ್ತಾನೆ. ಅವನು ವಯಸ್ಸಿಗೆ ಒಂದು ಕೂಡಿಸಿ, ಆ ಎರಡು ಮಾತನ್ನು ಒಂದಕ್ಷರವೂ ತಪ್ಪದಂತೆ ಟೈಪ್ ಮಾಡಿ, ಕಾಗದವನ್ನು ಯಂತ್ರದಿಂದ ಮೆಲ್ಲಗೆ ಎಳೆದ.